ಹೇಮಾವತಿಯ ಸೀಮೆಯಲ್ಲಿ ಶಕ್ತಿಯ ಸ್ಥಿತ್ಯಂತರ ಮತ್ತು ಲೋಕಲಿಖಿತ ಜ್ಞಾನಕೋಶ



1902ನೆಯ ಇಸವಿಯಲ್ಲಿ ಮೈಸೂರು ಸಂಸ್ಥಾನಕ್ಕೆ ಸಂಬಂಧಿಸಿದ ಎರಡು ಮಹತ್ಕಾರ್ಯಗಳು ನೆರವೇರಿದುವು. ಆ ವರ್ಷದ ಜೂನ್ ಮಾಸಾಂತ್ಯದಲ್ಲಿ ಶಿವನಸಮುದ್ರದ ಜಲಪಾತದಿಂದ ಉತ್ಪನ್ನವಾದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರ ತಂತಿಯ ಮೇಲೆ ಹಾಯ್ದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅದೇ ವರ್ಷ ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟ, ಅಂದರೆ ನಮ್ಮ ಹಾಸನ ಜಿಲ್ಲೆಯ ಶಾಸನಗಳ ಸಂಪುಟ, ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಿದ್ದಿತು. ಈ ಎರಡನೆಯ ಕಾರ್ಯದ ಫಲವಾಗಿ, ಎಂಟುನೂರು ವರ್ಷಗಳ ಹಿಂದೆ ಈ ಜಿಲ್ಲೆಯ ಯಾವ ಊರಿನಲ್ಲಿ ಯಾರು ಕೆರೆ ಕಟ್ಟಿಸಿದರು, ತೂಬನ್ನು ಯಾರು ಇಡಿಸಿದರು, ಅದರ ರಕ್ಷಣೆಗಾಗಿ ಬಿಟ್ಟ ಗದ್ದೆಯ ಎಲ್ಲೆ ಯಾವುದು, ಅದಕ್ಕೆ ಸಾಕ್ಷಿ ನಿಂತವರಾರು ಎಂಬುದನ್ನು ನಾವು ಮನೆಯಲ್ಲಿ ಕುಳಿತು ಓದಿ ತಿಳಿಯಬಹುದಾಗಿದೆ. ಮೊದಲನೆಯ ಕಾರ್ಯದ ಪರಂಪರೆಗೆ ಅಂಥ ಭಾಗ್ಯವೊದಗಲಿಲ್ಲ. ವಿದ್ಯುತ್ತು ಊರಿಗೆ ಬಂದುದು ಕೆರೆ ಕಟ್ಟಿಸಿದುದಕ್ಕಿಂತ ಸಣ್ಣ ಸಂಗತಿಯೇನಲ್ಲ. ಆದರೂ ಇಂಥ ಹಳ್ಳಿಯಲ್ಲಿ ಇಂಥ ವರ್ಷ ಮೊದಲ ದೀಪ ಹತ್ತಿತೆಂದು, ಇಂಥ ಬಾವಿಯ ಕಪಿಲೆ ಇಂಥ ವರ್ಷ ನಿಂತು ಅದರ ಸ್ಥಾನದಲ್ಲಿ ಮೋಟಾರು ಕುಳಿತಿತೆಂದು ಹೇಳಬಲ್ಲ ಬರವಣಿಗೆ ನಮ್ಮಲ್ಲಿ ಬಹುಮಟ್ಟಿಗೆ ಇಲ್ಲ. ಈಗ ಮತ್ತೊಂದು ಸ್ಥಿತ್ಯಂತರ, ಹಿಂದಿನದಕ್ಕಿಂತಲೂ ವೇಗವಾದುದು, ನಮ್ಮ ಕಣ್ಣೆದುರಿಗೇ ನಡೆಯುತ್ತಿದೆ. ಇದನ್ನಾದರೂ ನಡೆಯುತ್ತಿರುವಾಗಲೇ, ಕನ್ನಡದಲ್ಲಿ, ಎಲ್ಲರೂ ಓದಬಹುದಾದ ಮತ್ತು ಎಲ್ಲರೂ ತಿದ್ದಬಹುದಾದ ಕೋಶಗಳಲ್ಲಿ ದಾಖಲಿಸಬೇಕೆಂಬುದೂ, ಆ ಕೆಲಸವನ್ನು ಎಲ್ಲಿಂದ ಆರಂಭಿಸಿದರೆ ಅದು ನಿಲ್ಲುವುದೆಂಬುದೂ ಈ ದತ್ತಿ ಉಪನ್ಯಾಸದಲ್ಲಿ ನಾನು ನಿವೇದಿಸಬೇಕೆಂದಿರುವ ವಿಷಯ.

ಹೊಂಗೆಯೆಣ್ಣೆಯ ಹಣತೆಯಿಂದ ಸೀಮೆಎಣ್ಣೆಯ ಬುಡ್ಡಿಗೂ, ಬುಡ್ಡಿಯಿಂದ ಲಾಟೀನಿಗೂ, ಲಾಟೀನಿನಿಂದ ನಲವತ್ತು ಕ್ಯಾಂಡಲಿನ ಬಲ್ಬಿಗೂ, ಅಲ್ಲಿಂದ ಇಂದಿನ ಎಲ್‌ಇಡಿ ದೀಪಕ್ಕೂ ನಮ್ಮ ಮನೆಗಳು ನಡೆದುಬಂದಿವೆ. ಏತದಿಂದ ಕಪಿಲೆಗೂ, ಕಪಿಲೆಯಿಂದ ಆಯಿಲ್ ಎಂಜಿನ್ನಿಗೂ, ಎಂಜಿನ್ನಿನಿಂದ ವಿದ್ಯುತ್ ಪಂಪಿಗೂ, ಈಗೀಗ ಅಲ್ಲಲ್ಲಿ ಸೌರ ಪಂಪಿಗೂ ನಮ್ಮ ಹೊಲಗಳು ನಡೆದುಬಂದಿವೆ. ಇವೆಲ್ಲವೂ ಶಕ್ತಿಯ ಸ್ಥಿತ್ಯಂತರಗಳೇ. ಆದರೆ ಇಂದಿನದು ಹಳ್ಳಿಯ ಅನುಕೂಲದಿಂದ ಮಾತ್ರ ಹುಟ್ಟಿದುದಲ್ಲ. ಭೂಮಿಯ ತಾಪ ಏರುತ್ತಿರುವುದನ್ನು ಕಂಡು ರಾಷ್ಟ್ರಗಳು ಪರಸ್ಪರ ಕೊಟ್ಟುಕೊಂಡಿರುವ ಮಾತಿನಿಂದಲೂ ಹುಟ್ಟಿದುದು. 2021ರ ನವೆಂಬರಿನಲ್ಲಿ ಗ್ಲಾಸ್ಗೋ ನಗರದ ಹವಾಮಾನ ಸಮ್ಮೇಳನದಲ್ಲಿ, 2070ರ ವೇಳೆಗೆ ಇಂಗಾಲದ ನಿವ್ವಳ ಉತ್ಸರ್ಜನೆಯನ್ನು ಶೂನ್ಯಕ್ಕಿಳಿಸುವುದಾಗಿ ಭಾರತ ಲೋಕಕ್ಕೆ ವಚನವಿತ್ತಿತು. ಸ್ಥಾಪಿತ ವಿದ್ಯುತ್ ಸಾಮರ್ಥ್ಯದ ಅರ್ಧದಷ್ಟನ್ನು ಕಲ್ಲಿದ್ದಲು, ಅನಿಲ, ತೈಲಗಳ ಹೊರಗಿನ ಮೂಲಗಳಿಂದ ಪಡೆಯುವ ಗುರಿಯನ್ನು 2030ಕ್ಕೆಂದು ಇಟ್ಟುಕೊಂಡಿದ್ದು, 2025ರ ಮಧ್ಯಭಾಗದಲ್ಲಿಯೇ ಮುಟ್ಟಿತು. ಇದು ಸತ್ಯ. ಸ್ಥಾಪಿತ ಸಾಮರ್ಥ್ಯ ಬೇರೆ, ವರ್ಷದುದ್ದಕ್ಕೂ ವಾಸ್ತವವಾಗಿ ಉತ್ಪನ್ನವಾಗುವ ವಿದ್ಯುತ್ತು ಬೇರೆ. ಈ ಎರಡನೆಯದರಲ್ಲಿ ಕಲ್ಲಿದ್ದಲಿನ ಪಾಲು ಇನ್ನೂ ಸುಮಾರು ಹತ್ತರಲ್ಲಿ ಏಳರಷ್ಟಿದೆ. ಇದೂ ಸತ್ಯ. ಮೊದಲನೆಯದನ್ನು ಮಾತ್ರ ಬರೆದರೆ ಜಾಹೀರಾತಾಗುತ್ತದೆ, ಎರಡನೆಯದನ್ನು ಮಾತ್ರ ಬರೆದರೆ ದೋಷಾರೋಪಣೆಯಾಗುತ್ತದೆ. ಎರಡನ್ನೂ ಒಂದೇ ಪುಟದಲ್ಲಿ, ಒಂದೊಂದರ ಪಕ್ಕದಲ್ಲಿಯೂ ಅದು ಯಾವ ತಿಂಗಳ ಲೆಕ್ಕವೆಂಬುದನ್ನು ಹೇಳಿ ಬರೆದರೆ ಮಾತ್ರ ಅದು ಜ್ಞಾನಕೋಶದ ಬರಹವಾಗುತ್ತದೆ.

ಅಂಥ ಬರಹಕ್ಕೆ ಕನ್ನಡದಲ್ಲಿ ಪೂರ್ವಪುಣ್ಯವಿಲ್ಲದಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು, ಅದು ಅಲ್ಪಾಯುಷಿಯಾದರೂ, ಶಾಸ್ತ್ರವಿಷಯವನ್ನು ಕನ್ನಡದಲ್ಲಿ ಹೇಳಲು ಸಾಧ್ಯವೆಂಬ ಧೈರ್ಯವನ್ನು ಬಿಟ್ಟುಹೋಯಿತು. ಶಿವರಾಮ ಕಾರಂತರು 1936ರಲ್ಲಿ ‘ಬಾಲ ಪ್ರಪಂಚ’ವನ್ನೂ, ಐವತ್ತರ ದಶಕದ ಕೊನೆಯಿಂದ ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನೂ ಒಬ್ಬರೇ ಕುಳಿತು ಬರೆದು ಕೊಟ್ಟರು. ಮೈಸೂರು ವಿಶ್ವವಿದ್ಯಾನಿಲಯದ ‘ಕನ್ನಡ ವಿಶ್ವಕೋಶ’ದ ಮೊದಲ ಸಂಪುಟ 1969ರಲ್ಲಿ ಹೊರಬಂದು, ಹದಿನಾಲ್ಕು ಸಂಪುಟಗಳು ಪೂರ್ಣಗೊಳ್ಳುವ ವೇಳೆಗೆ ಮೂರು ದಶಕಗಳಿಗೂ ಮಿಕ್ಕಿ ಕಾಲ ಸಂದಿತ್ತು. ಶಕ್ತಿಯಂಥ ವಿಷಯಕ್ಕೆ ಈ ಗತಿ ಸಾಲದೆಂಬುದು ಸ್ಪಷ್ಟ. ಮೊದಲ ಸಂಪುಟದ ಲೇಖಕನು ಜಲವಿದ್ಯುತ್ತನ್ನೇ ನಾಡಿನ ಸಂಪತ್ತೆಂದು ಬರೆದಿದ್ದರೆ, ಕೊನೆಯ ಸಂಪುಟದ ಮುದ್ರಣ ಮುಗಿಯುವಷ್ಟರಲ್ಲಿ ಚಿತ್ರದುರ್ಗದ ಬೆಟ್ಟಗಳ ಮೇಲೆ ಗಾಳಿಯ ಯಂತ್ರಗಳು ತಿರುಗುತ್ತಿದ್ದುವು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವು ಈ ಕೊರತೆಗೆ ಉತ್ತರವಾಗಿ ಬಂದಿತು. ಅಲ್ಲಿ ಸಂಬಳದ ಸಂಪಾದಕನಿಲ್ಲ, ಓದುತ್ತಿರುವವನೇ ‘ಸಂಪಾದಿಸಿ’ ಎಂಬುದನ್ನು ಒತ್ತಿ ಬರೆಯಬಹುದು, ಬರೆದುದೆಲ್ಲವೂ ಯಾವ ದಿನ ಯಾವ ಗಳಿಗೆಯಲ್ಲಿ ಯಾರಿಂದ ಬದಲಾಯಿತೆಂಬುದು ‘ಇತಿಹಾಸ’ದ ಪುಟದಲ್ಲಿ ಉಳಿಯುತ್ತದೆ, ಭಿನ್ನಾಭಿಪ್ರಾಯಗಳಿಗೆ ಚರ್ಚೆಯ ಪುಟವೊಂದು ಪ್ರತಿ ಲೇಖನದ ಬೆನ್ನಿಗೂ ಇರುತ್ತದೆ, ಸಾಮಾನ್ಯ ವಿಚಾರಗಳನ್ನು ಮಾತನಾಡಿಕೊಳ್ಳಲು ‘ಅರಳಿ ಕಟ್ಟೆ’ ಎಂಬುದಾಗಿಯೇ ಹೆಸರಿಟ್ಟ ಒಂದು ಸ್ಥಳವಿದೆ. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ತನ್ನ ವಿಶ್ವಕೋಶದ ಹಲವು ಸಂಪುಟಗಳನ್ನು ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟುದು ಹಿರಿಯ ಕೋಶವು ಕಿರಿಯ ಕೋಶಕ್ಕೆ ಮಾಡಿದ ಆಶೀರ್ವಾದವೆಂದೇ ನಾನು ಭಾವಿಸುತ್ತೇನೆ.

ಹೀಗಿದ್ದರೂ ಮೂವತ್ತು ಸಾವಿರವನ್ನು ಮೀರಿರುವ ಕನ್ನಡ ವಿಕಿಪೀಡಿಯದ ಲೇಖನಗಳಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂಬ ನಮ್ಮ ನಾಲ್ಕು ತಾಲ್ಲೂಕುಗಳ ಶಕ್ತಿಯ ಕಥೆಗೆ ದೊರೆತಿರುವ ಸ್ಥಳ ಅತ್ಯಲ್ಪ. ಇದಕ್ಕೆ ಬರೆಯುವವರ ಉದಾಸೀನವೊಂದೇ ಕಾರಣವೆಂದು ನಾನು ಹೇಳಲಾರೆ. ಆ ಕೋಶಕ್ಕೆ ಒಂದು ಕಠಿಣವಾದ ನಿಯಮವುಂಟು: ಬರೆಯುವವನು ಸ್ವತಃ ಕಂಡುದನ್ನು, ಸ್ವತಃ ಲೆಕ್ಕ ಹಾಕಿದುದನ್ನು ಅಲ್ಲಿ ಬರೆಯುವಂತಿಲ್ಲ, ಬರೆದ ಪ್ರತಿಯೊಂದು ಸಂಗತಿಗೂ, ಬೇರೆಯವರು ಪರಿಶೀಲಿಸಿ ಪ್ರಕಟಿಸಿದ ಆಧಾರವೊಂದನ್ನು ಉಲ್ಲೇಖಿಸಬೇಕು. ಈ ನಿಯಮ ನ್ಯಾಯವಾದುದು. ಅದಿಲ್ಲದಿದ್ದರೆ ಯಾರು ಬೇಕಾದರೂ ತಿದ್ದಬಹುದಾದ ಕೋಶ ಒಂದು ವಾರವೂ ನಂಬಿಕೆಗೆ ಅರ್ಹವಾಗಿ ಉಳಿಯದು. ಆದರೆ ಅದರ ಪರಿಣಾಮವನ್ನು ನಾವು ಕಣ್ತೆರೆದು ನೋಡಬೇಕು: ಯಾವ ಊರಿನ ಸಂಗತಿ ಎಲ್ಲಿಯೂ ಅಚ್ಚಾಗಿಲ್ಲವೋ ಆ ಊರು ಕೋಶದೊಳಕ್ಕೆ ಪ್ರವೇಶಿಸಲಾರದು. ಮಹಾನಗರದ ಸಂಗತಿ ದಿನವೂ ಹತ್ತು ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ನಮ್ಮ ಸೀಮೆಯ ಹಳ್ಳಿ ಮೈಸೂರು, ಬಾಗೂರುಗಳಂಥ ಊರುಗಳದು ಹಾಗೆ ಅಚ್ಚಾಗುವುದಿಲ್ಲ. ಜ್ಞಾನದ ಬಾಗಿಲು ಎಲ್ಲರಿಗೂ ತೆರೆದಿದೆಯೆಂದು ಹೇಳಿದ ಮಾತ್ರಕ್ಕೆ ಎಲ್ಲರೂ ಒಳಗೆ ಬಂದಂತಾಗುವುದಿಲ್ಲ.

ಇದನ್ನು ಒಂದು ಪಂಪ್ ಹೌಸಿನ ಮುಂದೆ ನಿಂತು ನೋಡೋಣ. ಚನ್ನರಾಯಪಟ್ಟಣದ ಕಡೆಯ ತೆಂಗಿನ ತೋಟವೊಂದರ ಮೂಲೆಯಲ್ಲಿ, ಹಂಚಿನದೋ ಶೀಟಿನದೋ ಮಾಡಿನ ಕೆಳಗೆ, ಗೋಡೆಗೆ ಬಡಿದ ಹಲಗೆಯ ಮೇಲೆ ಒಂದು ಸ್ಟಾರ್ಟರು, ಮೂರು ಫ್ಯೂಸುಗಳು, ಅದರ ಪಕ್ಕದಲ್ಲಿ ಕರೆಂಟು ಬಂದ ಕೂಡಲೇ ತಾನಾಗಿಯೇ ಮೋಟಾರನ್ನು ಎಬ್ಬಿಸುವ ಆಟೋ ಸ್ಟಾರ್ಟರು. ತ್ರೀ ಫೇಸ್ ವಿದ್ಯುತ್ತು ದಿನದಲ್ಲಿ ಕೆಲವೇ ಗಂಟೆ, ಅದೂ ಎಷ್ಟೋ ಸಲ ರಾತ್ರಿಯ ಹೊತ್ತಿನಲ್ಲಿ ಬರುವುದರಿಂದ ರೈತನು ಈ ಉಪಾಯವನ್ನು ಮಾಡಿಕೊಂಡಿದ್ದಾನೆ. ಆದರೆ ಸುತ್ತಲಿನ ಪಂಪುಗಳೆಲ್ಲವೂ ಒಂದೇ ಕ್ಷಣದಲ್ಲಿ ಎದ್ದಾಗ ಹೊರಗಿನ ಟಿ.ಸಿ., ಅಂದರೆ ಟ್ರಾನ್ಸ್‌ಫಾರ್ಮರು, ಆ ಭಾರವನ್ನು ತಾಳಲಾರದೆ ಸುಟ್ಟುಹೋಗುತ್ತದೆ, ಹೊಸ ಟಿ.ಸಿ. ಬರುವವರೆಗೆ ತೆಂಗಿನ ಬುಡಕ್ಕೆ ನೀರಿಲ್ಲ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ತು ಉಚಿತವಾಗಿರುವುದರಿಂದ ಈ ಗೋಡೆಯ ಮೇಲೆ ಬಹುಶಃ ಮೀಟರೂ ಇರುವುದಿಲ್ಲ; ಆ ಬಾವಿಯು ವರ್ಷಕ್ಕೆ ಎಷ್ಟು ಯೂನಿಟ್ಟು ಕುಡಿಯಿತೆಂಬುದು ಅಂದಾಜಿನ ಮಾತು. 2019ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಪಿಎಂ-ಕುಸುಮ್ ಯೋಜನೆಯ ಉದ್ದೇಶಗಳಲ್ಲೊಂದು, ಇಂಥ ಪಂಪಿಗೆ ಸೂರ್ಯನಿಂದಲೇ, ಹಗಲಿನಲ್ಲಿಯೇ ಶಕ್ತಿಯನ್ನೊದಗಿಸುವುದು. ಹಗಲು ನೀರು ಹಾಯಿಸುವುದಕ್ಕೂ, ನಡುರಾತ್ರಿ ಹಾವು ಚೇಳುಗಳ ಭಯದಲ್ಲಿ ಟಾರ್ಚು ಹಿಡಿದು ತೋಟಕ್ಕೆ ಹೋಗುವುದಕ್ಕೂ ಇರುವ ಅಂತರವನ್ನು ರೈತನ ಮನೆಯವರು ಬಲ್ಲರು. ಇಷ್ಟೆಲ್ಲವೂ ಶಕ್ತಿಯ ಸ್ಥಿತ್ಯಂತರದ ಹೃದಯದಲ್ಲಿರುವ ಸಂಗತಿಗಳೇ. ಇವುಗಳಲ್ಲಿ ಎಷ್ಟಕ್ಕೆ ಮುದ್ರಿತ ಆಧಾರವಿದೆ?

ಇರುವ ಆಧಾರಗಳು ಯಾವುವೆಂಬುದನ್ನು ಮೊದಲು ನೋಡುವುದು ಉಚಿತ. 1971ರಲ್ಲಿ ಪ್ರಕಟವಾದ ಹಾಸನ ಜಿಲ್ಲೆಯ ಗೆಜೆಟಿಯರು ನಮ್ಮ ಗ್ರಂಥಾಲಯಗಳಲ್ಲಿ ಇಂದಿಗೂ ದೊರೆಯುತ್ತದೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಹೊರಡಿಸುವ ದರ ಆದೇಶಗಳಲ್ಲಿ, ಮೈಸೂರು, ಚಾಮರಾಜನಗರ, ಕೊಡಗು, ಮಂಡ್ಯ, ಹಾಸನ ಈ ಐದು ಜಿಲ್ಲೆಗಳಿಗೆ ವಿದ್ಯುತ್ತನ್ನು ಹಂಚುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಲೆಕ್ಕಾಚಾರ ವಿಸ್ತಾರವಾಗಿ ಅಚ್ಚಾಗಿರುತ್ತದೆ. ಅವು ಒಣ ದಸ್ತಾವೇಜುಗಳೆಂದು ಯಾರೂ ಕಡೆಗಣಿಸಬಾರದು. ಎಲ್ಲಕ್ಕಿಂತ ಮಿಗಿಲಾಗಿ ಜನಗಣತಿಯ ಮನೆಪಟ್ಟಿಯ ಕೋಷ್ಟಕಗಳಿವೆ: ದೀಪಕ್ಕೆ ವಿದ್ಯುತ್ತೋ ಸೀಮೆಎಣ್ಣೆಯೋ ಸೌರಶಕ್ತಿಯೋ, ಒಲೆಗೆ ಸೌದೆಯೋ ಬೆರಣಿಯೋ ಗ್ಯಾಸೋ ಗೋಬರ್ ಗ್ಯಾಸೋ ಎಂಬುದನ್ನು 2011ರ ಗಣತಿಯು ತಾಲ್ಲೂಕುವಾರಾಗಿ ಹೇಳುತ್ತದೆ. ಆದರೆ 2021ರಲ್ಲಿ ನಡೆಯಬೇಕಾಗಿದ್ದ ಗಣತಿ ನಡೆಯಲಿಲ್ಲ, ಮುಂದಿನದು 2027ರದು. ಹಳ್ಳಿಯ ಒಲೆಯ ಬಳಿಗೆ ಉಜ್ವಲ ಯೋಜನೆಯ ಸಿಲಿಂಡರು ಬಂದುದು 2016ರ ನಂತರ; ಎಲ್‌ಇಡಿ ದೀಪವು ಹಳೆಯ ಬಲ್ಬನ್ನು ಓಡಿಸಿದುದು ಅದೇ ದಶಕದಲ್ಲಿ; ಮನೆಗಳಿಗೆ 200 ಯೂನಿಟ್ಟಿನವರೆಗೆ ಉಚಿತ ವಿದ್ಯುತ್ತನ್ನು ಕೊಡುವ ರಾಜ್ಯದ ಗೃಹಜ್ಯೋತಿ ಬಂದುದು 2023ರಲ್ಲಿ; ಮನೆಯ ಮಾಳಿಗೆಯ ಮೇಲೆ ಸೌರಫಲಕವಿಡಲು 78,000 ರೂಪಾಯಿಗಳವರೆಗೆ ಸಹಾಯಧನವನ್ನು ಕೊಡುವ ಪಿಎಂ ಸೂರ್ಯಘರ್ ಬಂದುದು 2024ರಲ್ಲಿ. ಬದಲಾವಣೆ ಅತ್ಯಂತ ರಭಸದಿಂದ ನಡೆದ ಈ ಅವಧಿಯೇ ಜನಗಣತಿಯ ಕಣ್ಣು ಮುಚ್ಚಿದ್ದ ಅವಧಿ. ಈ ನಡುವಣ ವರ್ಷಗಳನ್ನು ಕಂಡವರು ಇಲ್ಲಿ ಕುಳಿತಿದ್ದಾರೆ. ಅವರು ಬರೆಯದಿದ್ದರೆ ಮತ್ತಾರೂ ಬರೆಯಲಾರರು.

ಹಾಗಾದರೆ ಕಂಡುದನ್ನು ಸ್ವೀಕರಿಸದ ಕೋಶಕ್ಕೆ ಕಂಡವರು ಏನು ಕೊಡಬಲ್ಲರು? ಈ ಪ್ರಶ್ನೆಗೆ ಉತ್ತರವಿದೆ. ವಿಕಿಪೀಡಿಯದ ಪಕ್ಕದಲ್ಲಿಯೇ ಪ್ರತ್ಯಕ್ಷದರ್ಶನವನ್ನು ಪ್ರಮಾಣವೆಂದು ಒಪ್ಪುವ ಎರಡು ಭಂಡಾರಗಳಿವೆ. ಒಂದು ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್. ಇನ್ನೊಂದು, 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಲೋಕದ ನಕ್ಷೆ. ಆ ಪಂಪ್ ಹೌಸಿನ ಹಲಗೆಯನ್ನು ಸ್ಪಷ್ಟವಾದ ಬೆಳಕಿನಲ್ಲಿ ಚಿತ್ರ ತೆಗೆದು, ತೆಗೆದ ದಿನವನ್ನೂ ಊರನ್ನೂ, ಮೋಟಾರಿನ ಫಲಕದ ಮೇಲಿರುವ ಅಶ್ವಶಕ್ತಿಯನ್ನೂ ಬರೆದು, ಮುಕ್ತ ಪರವಾನಗಿಯಲ್ಲಿ ಕಾಮನ್ಸಿಗೆ ಸೇರಿಸಿದರೆ, ಚಿತ್ರದ ಮೇಲಿನ ಕರ್ತೃತ್ವ ತೆಗೆದವನದಾಗಿಯೇ ಉಳಿದು ಉಪಯೋಗ ಮಾತ್ರ ಲೋಕದ್ದಾಗುತ್ತದೆ. ನಕ್ಷೆಯಲ್ಲಿಯೂ ಹಾಗೆಯೇ: 11 ಕಿಲೋವೋಲ್ಟಿನ ತಂತಿ ಯಾವ ದಾರಿಯಲ್ಲಿ ಹೋಗುತ್ತದೆ, ಅದರ ಕಂಬಗಳೆಲ್ಲಿವೆ, ಟಿ.ಸಿ. ಎಲ್ಲಿ ನಿಂತಿದೆ, ಶಾಲೆಯ ಮಾಳಿಗೆಯ ಮೇಲೆ ಸೌರಫಲಕವಿದೆಯೇ ಎಂಬುದನ್ನು ಗುರುತಿಸಲು ಅಲ್ಲಿ ಒಂದೊಂದಕ್ಕೂ ನಿಶ್ಚಿತವಾದ ಸಂಕೇತಗಳಿವೆ. ತನ್ನೂರಿನ ದಾರಿಯಲ್ಲಿ ನಡೆದವನ ಕಣ್ಣೇ ಅಲ್ಲಿ ಆಧಾರ. ಖಾಸಗಿ ಮನೆಯ ಒಡೆಯರ ಹೆಸರನ್ನು ಬರೆಯಕೂಡದು, ಚಿತ್ರ ತೆಗೆಯಬಾರದೆಂದು ಫಲಕ ಹಾಕಿರುವ ಸ್ಥಾವರಗಳೊಳಗೆ ಕ್ಯಾಮೆರಾ ಎತ್ತಕೂಡದು ಎಂಬ ಎರಡು ಮರ್ಯಾದೆಗಳನ್ನು ಮಾತ್ರ ವಿದ್ಯಾರ್ಥಿಗಳಿಗೆ ಮೊದಲೇ ತಿಳಿಸಬೇಕು. ಇನ್ನು ಸರ್ಕಾರಿ ಜಾಲತಾಣಗಳು ಹೊಸ ರೂಪ ತಾಳಿದಾಗಲೆಲ್ಲ ಹಳೆಯ ವರದಿಗಳು ಕಾಣೆಯಾಗುವುದುಂಟು. ಉಲ್ಲೇಖಿಸಿದ ಪುಟದ ಪ್ರತಿಯೊಂದನ್ನು ಅಂದೇ ಇಂಟರ್‌ನೆಟ್ ಆರ್ಕೈವಿನಲ್ಲಿ ಉಳಿಸುವ ಅಭ್ಯಾಸವನ್ನೂ ಕಲಿಸಬೇಕು.

ಚಿತ್ರ ಮತ್ತು ನಕ್ಷೆಗಳ ನಂತರ ಬರುವುದು ಲೇಖನ. ಅದಕ್ಕೆ ತಕ್ಕ ವಸ್ತುವೊಂದು ನಮ್ಮ ಬಾಗಿಲಲ್ಲಿಯೇ ಇದೆ. ಹಾಸನದ ಬಳಿ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಜೈವಿಕ ಇಂಧನ ಉದ್ಯಾನವು 2007ರ ಸುಮಾರಿಗೆ ರೂಪುಗೊಂಡಿತು; ಪ್ರಾಧ್ಯಾಪಕ ಬಾಲಕೃಷ್ಣ ಗೌಡರ ಹೆಸರು ಆ ಪ್ರಯತ್ನದೊಡನೆ ಸೇರಿಕೊಂಡಿದೆ. ಅದರ ಮೂಲತತ್ತ್ವ ನನಗೆ ಅತ್ಯಂತ ಪ್ರಿಯವಾದುದು: ಅನ್ನ ಬೆಳೆಯುವ ಭೂಮಿಯನ್ನು ಮುಟ್ಟದೆ, ಹೊಲದ ಬದುಗಳಲ್ಲಿ, ಬೇಲಿಯ ಸಾಲಿನಲ್ಲಿ, ಬರಡು ನೆಲದಲ್ಲಿ ಹೊಂಗೆ, ಬೇವು, ಹಿಪ್ಪೆ, ಸಿಮರೂಬಗಳನ್ನು ಬೆಳೆಸಿ, ಹಳ್ಳಿಯವರು ಆಯ್ದು ತಂದ ಬೀಜವನ್ನು ಕೊಂಡು, ಗಾಣದಲ್ಲಿ ಎಣ್ಣೆ ತೆಗೆದು, ಮೆಥನಾಲ್ ಮತ್ತು ಕ್ಷಾರದೊಡನೆ ಸಂಸ್ಕರಿಸಿ ಎಂಜಿನ್ನಿಗೆ ತಕ್ಕ ಇಂಧನವಾಗಿ ಮಾಡುವುದು. ಉಳಿದ ಹಿಂಡಿ ಗದ್ದೆಗೆ ಗೊಬ್ಬರವಾಗುತ್ತದೆ. ಸಂಸ್ಕರಣದಲ್ಲಿ ಬೇರ್ಪಟ್ಟ ಗ್ಲಿಸರಿನ್ ಸಾಬೂನಿಗೆ ಒದಗುತ್ತದೆ. ನಮ್ಮ ಅಜ್ಜಿಯರು ದೀಪಕ್ಕೆರೆದ ಹೊಂಗೆಯೆಣ್ಣೆಯೇ ಡೀಸೆಲ್ಲಿನ ಸ್ಥಾನಕ್ಕೆ ಬಂದು ನಿಂತುದು ಈ ಜಿಲ್ಲೆಯ ಶಕ್ತಿಚರಿತ್ರೆಯಲ್ಲಿ ವಿಸ್ತಾರವಾದ ಅಧ್ಯಾಯಕ್ಕೆ ಯೋಗ್ಯವಾದ ಸಂಗತಿ. 2009ರಲ್ಲಿ ಕರ್ನಾಟಕ ಸರ್ಕಾರವು ಜೈವಿಕ ಇಂಧನ ನೀತಿಯನ್ನು ಪ್ರಕಟಿಸಿತು; ‘ಬರಡು ಬಂಗಾರ’, ‘ಹಸಿರು ಹೊನ್ನು’ ಮುಂತಾದ ಕಾರ್ಯಕ್ರಮಗಳು ಬಂದುವು. ಯಾವ ಊರಿನ ಬದುಗಳಲ್ಲಿ ಆ ಗಿಡಗಳು ಇಂದು ಮರವಾಗಿ ನಿಂತಿವೆ, ಎಲ್ಲಿ ಬೀಜ ಆಯುವುದು ಕೂಲಿಗೂ ಗಿಟ್ಟದೆ ನಿಂತುಹೋಯಿತು ಎಂಬುದನ್ನು ಊರೂರಿಗೆ ಹೋಗಿ ಕೇಳಿ ಬರೆಯಬೇಕಾಗಿದೆ. ಫಲಿಸದೆ ಹೋದ ಪ್ರಯತ್ನವೂ ದಾಖಲೆಗೆ ಅರ್ಹ; ಮುಂದೆ ಅದೇ ದಾರಿಯಲ್ಲಿ ನಡೆಯುವವನಿಗೆ ಅದರ ಕಾರಣ ತಿಳಿಯುವುದು ಫಲಿಸಿದುದರ ಪ್ರಶಂಸೆಗಿಂತ ಹೆಚ್ಚು ಉಪಕಾರಿ.

ಇಲ್ಲಿ ನಿಷ್ಪಕ್ಷಪಾತದ ಮಾತು ಬರುತ್ತದೆ. ಶುದ್ಧ ಶಕ್ತಿಯೆಂದು ಕರೆದ ಮಾತ್ರಕ್ಕೆ ಅದಕ್ಕಾಗಿ ತೆತ್ತ ಬೆಲೆ ಇಲ್ಲವಾಗುವುದಿಲ್ಲ. ನಮ್ಮ ಪಕ್ಕದ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯ ಮೇಲೆ 2,050 ಮೆಗಾವಾಟಿನ ಸೌರ ಉದ್ಯಾನ ಎದ್ದಿದೆ. ಜಮೀನನ್ನು ಕೊಳ್ಳದೆ, ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದುದು ಭೂಮಾಲೀಕನಾದ ರೈತನಿಗೆ ಬರಗಾಲದಲ್ಲಿಯೂ ನಿಶ್ಚಿತವಾದ ಆದಾಯವನ್ನು ತಂದಿತು. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಕುರಿ ಮೇಯಿಸುತ್ತಿದ್ದ ಭೂಮಿಯಿಲ್ಲದವರಿಗೆ ಗುತ್ತಿಗೆಯ ಹಣ ಬರಲಿಲ್ಲ. ನಮ್ಮ ಜಿಲ್ಲೆಯ ಪಶ್ಚಿಮದ ಅಂಚಿನ ಗುಂಡ್ಯ ಜಲವಿದ್ಯುತ್ ಯೋಜನೆಯನ್ನು ಸ್ಥಳೀಯರು ವಿರೋಧಿಸಿದರು. ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಸಮಿತಿಯು 2011ರ ವರದಿಯಲ್ಲಿ ಅದಕ್ಕೆ ಪರಿಸರ ಅನುಮತಿ ಕೊಡಬಾರದೆಂದು ಹೇಳಿತು. ಗೊರೂರಿನ ಬಳಿ 1979ರಲ್ಲಿ ಪೂರ್ಣಗೊಂಡ ಹೇಮಾವತಿ ಜಲಾಶಯವು ಮುಖ್ಯವಾಗಿ ನೀರಾವರಿಗಾದುದು. ಅದರ 37 ಟಿಎಂಸಿ ನೀರಿನಿಂದ ಹಸಿರಾದ ಬಯಲುಗಳನ್ನು ನೋಡುವವನು, ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುವ ಶೆಟ್ಟಿಹಳ್ಳಿಯ ಇಗರ್ಜಿಯನ್ನೂ, ಅದರೊಡನೆ ಊರನ್ನೇ ಬಿಟ್ಟೆದ್ದವರನ್ನೂ ನೆನೆಯಬೇಕು. ‘ವಿಜ್ಞಾನ ಪ್ರಪಂಚ’ವನ್ನು ಬರೆದ ಕಾರಂತರೇ 1989ರಲ್ಲಿ ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಲೋಕಸಭೆಯ ಚುನಾವಣೆಗೆ ನಿಂತರು. ವಾದಕ್ಕೆ ವೇದಿಕೆ ಬೇರೆಯಿದೆ, ಕೋಶದ ಪುಟ ಬೇರೆಯಿದೆ. ಎರಡನ್ನೂ ಒಬ್ಬನೇ ಪ್ರಾಮಾಣಿಕವಾಗಿ ನಡೆಸಬಹುದೆಂಬುದಕ್ಕೆ ಅವರಿಗಿಂತ ದೊಡ್ಡ ನಿದರ್ಶನ ನನಗೆ ತಿಳಿಯದು. ಕೋಶದಲ್ಲಿ ಬರೆಯುವಾಗ ಕಂಪನಿಯ ಕೈಪಿಡಿಯನ್ನು ಮಾತ್ರ ಆಧಾರವಾಗಿಟ್ಟುಕೊಂಡು ಅದರ ಯಂತ್ರವನ್ನು ಹೊಗಳುವುದೂ, ಹೋರಾಟದ ಕರಪತ್ರವನ್ನು ಮಾತ್ರ ಆಧಾರವಾಗಿಟ್ಟುಕೊಂಡು ಹಳಿಯುವುದೂ ಸಮಾನವಾದ ದೋಷಗಳು.

ಮುದ್ರಿತ ಆಧಾರವಿಲ್ಲವೆಂಬ ತೊಡಕಿಗೆ ಇನ್ನೊಂದು ಪರಿಹಾರವೂ ಉಂಟು: ನಾವೇ ಮುದ್ರಿಸುವುದು. ಸಣ್ಣ ಊರಿನಲ್ಲಿ ಅದು ಆಗದ ಮಾತೆಂದು ಯಾರಿಗಾದರೂ ಅನ್ನಿಸಿದರೆ ಹೊಳೆನರಸೀಪುರದ ಕಡೆಗೆ ನೋಡಬಹುದು. ಶ್ರೀ ಸಚ್ಚಿದಾನಂದೇಂದ್ರ ಸರಸ್ವತಿಗಳು ಸ್ಥಾಪಿಸಿದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವು ಮೂವತ್ತರ ದಶಕದಿಂದ ಆ ಹೇಮಾವತಿಯ ದಡದಲ್ಲಿ ನೆಲೆಸಿ, ಶಾಂಕರ ಭಾಷ್ಯಗಳನ್ನು ಕನ್ನಡದ ಸಾಮಾನ್ಯ ಓದುಗನ ಕೈಗೆಟುಕುವಂತೆ ಅಚ್ಚು ಹಾಕಿ ಕೊಟ್ಟಿದೆ. ಬ್ರಹ್ಮವಿದ್ಯೆಗೆ ಸಾಧ್ಯವಾದುದು ಬಾವಿಯ ಮೋಟಾರಿಗೂ ಸಾಧ್ಯವಾಗಬೇಕು. ನಮ್ಮ ಕಾಲೇಜುಗಳ ವಾರ್ಷಿಕ ಸಂಚಿಕೆಗಳು, ಸಹಕಾರ ಸಂಘಗಳ ಸುವರ್ಣ ಮಹೋತ್ಸವದ ಸ್ಮರಣ ಗ್ರಂಥಗಳು, ಜಿಲ್ಲೆಯ ದಿನಪತ್ರಿಕೆಗಳು ಇವುಗಳಲ್ಲಿ, ಬರೆದವನಲ್ಲದ ಇನ್ನೊಬ್ಬರು ಪರಿಶೀಲಿಸಿ, ಹೇಳಿದವರ ಒಪ್ಪಿಗೆ ಪಡೆದು, ವರ್ಷ ಸಂಖ್ಯೆಗಳನ್ನು ಹೊಂದಿಸಿ ನೋಡಿ ಪ್ರಕಟಿಸಿದ ಬರಹಗಳು ಬರತೊಡಗಿದರೆ, ಕೋಶದ ಬಾಗಿಲು ನಮ್ಮ ಊರುಗಳಿಗೆ ತಾನಾಗಿ ತೆರೆಯುತ್ತದೆ.

ಹೀಗೆ ನಾವೇ ಮುದ್ರಿಸುವ ಬರಹದ ಮೊದಲ ವಸ್ತು ಯಾವುದಾಗಬೇಕೆಂದು ಕೇಳಿದರೆ ನಾನು ಅರಕಲಗೂಡಿನಲ್ಲಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನುಗಳನ್ನು ತೋರಿಸುವೆನು. ಸ್ಥಿತ್ಯಂತರವೆಂದರೆ ತಂತಿಯೊಳಗಿನ ವಿದ್ಯುತ್ತೆಂದಷ್ಟೇ ಎಣಿಸುವ ಲೆಕ್ಕಗಳಲ್ಲಿ ಬಚ್ಚಲ ಹಂಡೆಯ ಒಲೆಯಾಗಲಿ ಬ್ಯಾರನ್ನಿನ ಒಲೆಯಾಗಲಿ ಕಾಣಿಸುವುದೇ ಇಲ್ಲ. ಆದರೆ ಆ ತಾಲ್ಲೂಕಿನಲ್ಲಿ ವರ್ಜೀನಿಯಾ ಹೊಗೆಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ಎತ್ತರದ ಗೋಡೆಗಳ ಕೋಣೆಯಲ್ಲಿ ಸಾಲು ಸಾಲಾಗಿ ತೂಗುಹಾಕಿ, ಹೊರಗಿನ ಒಲೆಯ ಬಾಯಿಗೆ ಸೌದೆಯನ್ನು ಹಗಲಿರುಳೂ ಒಡ್ಡಿ, ಒಳಗೆ ನೆಲದ ಮೇಲೆ ಹಾಸಿದ ತಗಡಿನ ಕೊಳವೆಗಳ ಮೂಲಕ ಶಾಖವನ್ನು ಹರಿಸಿ, ಎಲೆ ಹಳದಿಯಾಗುವವರೆಗೆ ಒಂದು ಹದ, ಎಲೆ ಒಣಗುವವರೆಗೆ ಇನ್ನೊಂದು ಹದ, ನಡುದಂಟು ಒಣಗುವವರೆಗೆ ಮತ್ತೊಂದು ಹದವೆಂದು ಐದಾರು ದಿನ ಉಷ್ಣತೆಯನ್ನು ಕ್ರಮವಾಗಿ ಏರಿಸುವ ಕಸುಬು ಇದೆ. ಅದಕ್ಕೆ ಬೇಕಾದ ಸೌದೆ ಸುತ್ತಲಿನ ಮರಗಳಿಂದ ಬರುತ್ತದೆ. ಶಾಖ ಸೋರದಂತೆ ಮಾಡಿಗೆ ಹೊದಿಕೆ ಹಾಕಿ ಸೌದೆ ಉಳಿಸುವ ಪ್ರಯತ್ನಗಳೂ ನಡೆದಿವೆ. ಒಂದು ಬ್ಯಾರನ್ನಿಗೆ ಒಂದು ಸಲಕ್ಕೆ ಎಷ್ಟು ಸೌದೆ ಬೇಕು, ಯಾವ ಮರದ್ದು, ಎಲ್ಲಿಂದ ತಂದುದು, ಹತ್ತು ವರ್ಷಗಳ ಹಿಂದೆ ಎಷ್ಟಿತ್ತು ಎಂಬುದನ್ನು ಬೆಂಕಿ ಕಾಯುವವರೇ ಹೇಳಬಲ್ಲರು. ಮಳೆಗಾಲದ ನಡುವೆ ಒಲೆಗಳು ಹತ್ತುತ್ತವೆ. ರಾಮನಾಥಪುರದ ಹರಾಜು ಮಾರುಕಟ್ಟೆ ತೆರೆಯುವುದು ಅನಂತರ. ಮುಂದಿನ ಹಂಗಾಮಿನಲ್ಲಿ, ಹರಾಜಿಗೆ ಮುಂಚೆ, ಅರಕಲಗೂಡು ಕೊಣನೂರುಗಳ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳೊಡನೆ ಹೋಗಿ ಕೇಳಿ, ಚಿತ್ರ ತೆಗೆದು, ನಕ್ಷೆಯಲ್ಲಿ ಗುರುತಿಸಿ, ಬರೆದುತಂದರೆ, ಅದನ್ನು ಬಲ್ಲವರಿಗೆ ತೋರಿಸಿ ತಿದ್ದಿಸಿ ನೂರು ಪುಟಗಳ ಪುಸ್ತಕವಾಗಿ ಮುಕ್ತ ಪರವಾನಗಿಯಲ್ಲಿ ಅಚ್ಚು ಹಾಕಿಸುವುದಕ್ಕೆ ಈ ದತ್ತಿಯ ಒಂದು ವರ್ಷದ ಬಡ್ಡಿಯನ್ನು ವಿನಿಯೋಗಿಸಬೇಕೆಂದು ನಿರ್ವಾಹಕರಲ್ಲಿ ಸವಿನಯವಾಗಿ ಪ್ರಾರ್ಥಿಸುತ್ತೇನೆ.